ದುಡಿಯಲು ಹೋಗಿ ಬರುವ ಖರ್ಚು: ನಮ್ಮ ಮನೆಯ ಲೆಕ್ಕ

ಎಕರೆಗೆ ಬೀಜ ಎಷ್ಟು, ಗೊಬ್ಬರ ಎಷ್ಟು, ಔಷಧಿ ಎಷ್ಟು ಎಂದು ನಾವು ರೈತರು ಲೆಕ್ಕ ಬರೆಯುವುದುಂಟು. ಆದರೆ ನಮ್ಮಂಥ ಒಣಬೇಸಾಯದ ಮನೆ ಬರೀ ಹೊಲದ ಮೇಲೆ ನಡೆಯೋದಿಲ್ಲ. ಮನೆಯಲ್ಲಿ ಒಬ್ಬರೋ ಇಬ್ಬರೋ ಹೊರಗೆ ದುಡಿದು ತಂದರೇ ಬಿತ್ತಿಗೆಗೆ ಬೀಜ ಬರೋದು. ಆ ದುಡಿಮೆಗೆ ದಿನಾ ಹೋಗಿ ಬರೋದಕ್ಕೆ ಏನು ಬೀಳುತ್ತದೆ ಅನ್ನೋದನ್ನು ಮಾತ್ರ ಯಾರೂ ಬರೆದಿಡೋದಿಲ್ಲ. ಕೂಲಿ ಎಷ್ಟು ಕೊಡ್ತಾರೆ ಅಂತ ಎಲ್ಲರೂ ಕೇಳ್ತಾರೆ, ಕೈಗೆ ಎಷ್ಟು ಉಳೀತು ಅಂತ ಕೇಳೋರು ಕಮ್ಮಿ. ನಾನು ಎರಡು ವರ್ಷದಿಂದ ಮೊಮ್ಮಗನ ಹಳೇ ನೋಟ್‌ಬುಕ್ಕಿನಲ್ಲಿ ಈ ಲೆಕ್ಕ ಬರೀತಾ ಬಂದಿದ್ದೇನೆ. ಅದನ್ನೇ ಇಲ್ಲಿ ಕೊಡ್ತೇನೆ. ನಮ್ಮ ಹಾಗೇ ಇರೋ ಮನೆಗಳಿಗೆ ಉಪಯೋಗ ಆದೀತು.

ನಮ್ಮೂರು ಸಿಂಧನೂರು ತಾಲ್ಲೂಕಿನ ಮುಕ್ಕುಂದ. ಸಿಂಧನೂರು ಅಂದ ಕೂಡಲೇ ಹೊರಗಿನವರಿಗೆ ಕಾಲುವೆ, ನೆಲ್ಲು, ರೈಸ್ ಮಿಲ್ಲು ಕಣ್ಣಿಗೆ ಬರ್ತವೆ. ಅದು ಸುಳ್ಳೇನಲ್ಲ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಈ ಸೀಮೆಯ ಚಹರೆಯನ್ನೇ ಬದಲಿಸಿತು. ಆದರೆ ಕಾಲುವೆ ತೋಡುವಾಗ ಹಾಕಿದ ಲೆಕ್ಕ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಆಮೇಲೆ ಮೇಲ್ಭಾಗದಲ್ಲಿ ನೆಲ್ಲು ಹಬ್ಬಿತು, ಕೊನೆಭಾಗಕ್ಕೆ ನೀರು ಸಾಲದಾಯಿತು. ಕಾಲುವೆಗಿಂತ ಎತ್ತರದ ನೆಲಕ್ಕಂತೂ ಮೊದಲಿನಿಂದಲೂ ಮಳೆಯೇ ಗತಿ. ನನ್ನ ಆರೆಕರೆ ಅಂಥದ್ದು. ನಾಲ್ಕೆಕರೆ ಎರಿ, ಎರಡೆಕರೆ ಮಸಾರಿ. ಮುಂಗಾರಿಗೆ ತೊಗರಿ, ಸಜ್ಜೆ. ಹಿಂಗಾರಿಗೆ ಕಡಲೆ, ಬಿಳಿಜೋಳ. ನೀರು ಇದ್ದ ಕಡೆಗೆ ಕೂಲಿ ಇರೋದ್ರಿಂದ ನಮ್ಮ ಮಂದಿ ದಿನಾ ಬೆಳಗಾದ್ರೆ ಆ ಕಡೆಗೆ ಹೊರಡ್ತಾರೆ.

ಮನೆಯಲ್ಲಿ ನಾನು, ಹೆಂಡತಿ, ದೊಡ್ಡ ಮಗ, ಸೊಸೆ, ಒಬ್ಬ ಮೊಮ್ಮಗ. ಮಗ ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ತೂಕ, ಚೀಲದ ಲೆಕ್ಕ ನೋಡ್ತಾನೆ. ಹೆಂಡತಿ, ಸೊಸೆ ನಾಟಿ ಹಂಗಾಮಿನಲ್ಲಿ ಗುಂಪಿನ ಜೊತೆ ನೆಲ್ಲು ಹಚ್ಚಲು ಹೋಗ್ತಾರೆ. ಸಣ್ಣ ಮಗ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ.

ಬೈಕಿನ ಲೆಕ್ಕ

ಮಗನಿಗೆ ತಿಂಗಳ ಪಗಾರ 13,500 ರೂಪಾಯಿ. 26 ದಿನ ಕೆಲಸ. ದಿನಕ್ಕೆ 519 ಬಿತ್ತು. ಮಿಲ್ಲು ಬೆಳಗ್ಗೆ ಎಂಟಕ್ಕೆ ಶುರು. ಸಂಜೆ ಬಿಡೋ ಹೊತ್ತು ಹೇಳೋ ಹಾಗಿಲ್ಲ. ನೆಲ್ಲಿನ ಲಾರಿ ಬಂದು ನಿಂತ ದಿನ ಏಳೂವರೆ ಎಂಟೂ ಆಗುತ್ತೆ. ಬಸ್ಸಿನ ವೇಳೆ ಶಾಲೆ ಕಾಲೇಜಿನ ಹುಡುಗರಿಗೆ ಹೊಂದುತ್ತೆ, ಇಂಥ ಕೆಲಸಕ್ಕೆ ಹೊಂದೋದಿಲ್ಲ. ಹೀಗಾಗಿ 2023ರ ದೀಪಾವಳಿಗೆ ಸಾಲದ ಮೇಲೆ ಬೈಕು ತಗೊಂಡ. 20,000 ಮುಂಗಡ, ಉಳಿದದ್ದು 2,650ರಂತೆ 36 ಕಂತು.

ಕೇಳಿದರೆ ಅವನು, ಅವನ ಗೆಳೆಯರು ಎಲ್ಲರೂ ಒಂದೇ ಮಾತು ಹೇಳ್ತಾರೆ: "ದಿನಕ್ಕೆ ಎಂಬತ್ತು ರೂಪಾಯಿ ಎಣ್ಣಿ ಹೊಕ್ಕತಿ, ಅಷ್ಟ." ಎಣ್ಣೆಯದು ಸರಿಯೇ ಇದೆ. ಊರಿನಿಂದ ಮಿಲ್ಲಿಗೆ ಹೋಗಿ ಬರೋದು ಪೇಟೆಯೊಳಗಿನ ಓಡಾಟ ಸೇರಿ 38 ಕಿ.ಮೀ. ನಮ್ಮ ರಸ್ತೆಗೆ ಲೀಟರಿಗೆ ಐವತ್ತು ಕೊಡುತ್ತೆ. ಲೀಟರಿಗೆ 103 ಹಿಡಿದರೆ ದಿನಕ್ಕೆ 78 ರೂಪಾಯಿ. ಪೆಟ್ರೋಲು 2021ರಲ್ಲಿ ನೂರು ದಾಟಿದ್ದು. ನಡುವೆ ಸ್ವಲ್ಪ ಇಳಿಸಿದ್ರು, 2024ರ ಜೂನಿನಲ್ಲಿ ರಾಜ್ಯದ ತೆರಿಗೆ ಏರಿ ಒಮ್ಮೆಗೇ ಮೂರು ರೂಪಾಯಿ ಹೆಚ್ಚಾಯ್ತು.

ಎಣ್ಣೆಯ ಹಿಂದೆ ಇರೋದನ್ನು ಯಾರೂ ಹಿಡಿಯೋದಿಲ್ಲ. ಆಯಿಲ್ ಬದಲಿ, ಟೈರು, ಚೈನು, ಪಂಚರು, ವಿಮೆ ಎಲ್ಲ ಸೇರಿ ಒಂದು ವರ್ಷಕ್ಕೆ 7,500 ಆಗಿತ್ತು. ವರ್ಷಕ್ಕೆ 312 ದಿನ ಕೆಲಸ ಅಂತ ಹಿಡಿದರೆ ದಿನಕ್ಕೆ 24. ಇನ್ನು ಗಾಡಿಯ ಬೆಲೆ. ಕಂತಿನ ಒಟ್ಟು 95,400. ಮುಂಗಡ ಕೊಟ್ಟ 20,000 ಎಂಟು ವರ್ಷ ಬಿಟ್ಟು ಮಾರಿದಾಗ ಬರುತ್ತೆ ಅಂತ ಬಿಟ್ಟೆ. 95,400ನ್ನು ಎಂಟು ವರ್ಷಕ್ಕೆ ಹಂಚಿದರೆ ದಿನಕ್ಕೆ 38. ಬೈಕು ಮನೆಯ ಬೇರೆ ಕೆಲಸಕ್ಕೂ ಓಡುತ್ತೆ, ಆಸ್ಪತ್ರೆಗೆ, ಸಂತೆಗೆ, ಗೊಬ್ಬರದಂಗಡಿಗೆ. ಅದಕ್ಕೆ ಕಾಲು ಭಾಗ ಬಿಟ್ಟು ಮುಕ್ಕಾಲು ಮಾತ್ರ ಕೆಲಸದ ಲೆಕ್ಕಕ್ಕೆ ಹಾಕಿದೆ, 29.

78, 24, 29. ಒಟ್ಟು 131 ರೂಪಾಯಿ. 519ರಲ್ಲಿ ನಾಲ್ಕನೇ ಒಂದು ಪಾಲು ದಾರಿಗೆ ಹೋಯ್ತು. ತಿಂಗಳಿಗೆ 3,406, ವರ್ಷಕ್ಕೆ 40,872.

ಈ ಕೊನೇ ಅಂಕಿ ಬರೆದ ದಿನ ನಾನು ಇನ್ನೊಂದು ಲೆಕ್ಕ ಹಾಕಿದೆ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 8,000. ಅಂದರೆ ಐದು ಕ್ವಿಂಟಲ್ ತೊಗರಿ ಮಾರಿದ ಹಣ, ಅದೂ ಬೆಂಬಲ ಬೆಲೆಯೇ ಸಿಕ್ಕರೆ. ನನ್ನ ಎರಡೆಕರೆ ತೊಗರಿ, ಮಳೆ ಕೈಕೊಡದ ವರ್ಷ, ಐದರಿಂದ ಆರು ಕ್ವಿಂಟಲ್ ಆಗುತ್ತೆ. ಬಿತ್ತಿ, ಎಡೆ ಹೊಡೆದು, ಹುಳಕ್ಕೆ ಔಷಧಿ ಹೊಡೆದು, ಕೊಯ್ದು ಬಡಿದು ತಂದ ಆ ಬೆಳೆಯಷ್ಟೂ ಮಗ ಮಿಲ್ಲಿಗೆ ಹೋಗಿ ಬರೋದಕ್ಕೆ ಸರಿಹೋಯ್ತು!

ಹೊತ್ತಿನ ಲೆಕ್ಕ ಬೇರೆ. ಹೋಗೋಕೆ ನಲವತ್ತು ನಿಮಿಷ, ಬರೋಕೆ ನಲವತ್ತು. ತಿಂಗಳಿಗೆ ಮೂವತ್ತನಾಲ್ಕು ತಾಸಿಗೂ ಮೇಲೆ. ಎಂಟು ತಾಸಿನ ದಿನ ಅಂತ ಹಿಡಿದರೆ ನಾಲ್ಕು ದಿನ ಅವನು ಬೈಕಿನ ಮೇಲೆ ಕೂತಿರ್ತಾನೆ. ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ.

ಸಿಂಧನೂರಿನಲ್ಲೇ ರೂಮು ಮಾಡಿದರೆ ಹೇಗೆ ಅಂತ ಮಗನೇ ಒಮ್ಮೆ ಎತ್ತಿದ. ಅದನ್ನೂ ಕೂತು ನೋಡಿದೆವು. ಸಣ್ಣ ರೂಮಿಗೆ ಮೂರು ಸಾವಿರ, ಕರೆಂಟು, ನೀರು, ಖಾನಾವಳಿ ಊಟ, ವಾರಕ್ಕೊಮ್ಮೆ ಊರಿಗೆ ಬರೋದು ಎಲ್ಲ ಸೇರಿ ಏಳು ಸಾವಿರಕ್ಕೆ ಕಮ್ಮಿ ಇಲ್ಲ. ದಾರಿ ಖರ್ಚಿನ ಎರಡರಷ್ಟು. ಸೊಸೆಯನ್ನೂ ಕರಕೊಂಡು ಹೋದರೆ ಊಟದ ಖರ್ಚು ಇಳೀತದೆ, ಆದರೆ ಎಮ್ಮೆ ಹಿಂಡೋರು ಯಾರು? ನಾಟಿ ದುಡಿಮೆಯೂ ನಿಲ್ಲುತ್ತೆ. ಮತ್ತೆ ನನಗೀಗ ಐವತ್ತಾರು. ದಿನಾ ಊರಲ್ಲಿ ಮಲಗೋ ಮಗ ಬೆಳಗ್ಗೆ ಐದಕ್ಕೆ ಎದ್ದು ದನಕ್ಕೆ ಮೇವು ಹಾಕಿ ಹೋಗ್ತಾನೆ. ಭಾನುವಾರ ಔಷಧಿ ಹೊಡೀತಾನೆ. ಹಸಿ ಮಳೆ ಬಿದ್ದು ಬಿತ್ತಿಗೆ ಬಂದಾಗ ಎರಡು ದಿನ ರಜೆ ಹಾಕ್ತಾನೆ. ರೂಮು ಮಾಡಿದ ಮನೆಗಳನ್ನು ನೋಡಿದ್ದೇನೆ. ಎರಡು ಮೂರು ವರ್ಷಕ್ಕೆ ಹೊಲ ಲಾವಣಿಗೆ ಹೋಗುತ್ತೆ. ಆದ್ದರಿಂದ 3,406 ದೊಡ್ಡದೇ ಆದರೂ ಅದನ್ನು ಹೊಲ ಉಳಿಸೋ ಖರ್ಚು ಅಂತಲೇ ನಾನು ಬರೆದಿದ್ದೇನೆ.

ಒಂದು ಮಾತು. ಹಳಬರು ಚಕ್ಕಡಿಯೇ ಚಲೋ ಇತ್ತು, ಎತ್ತಿಗೆ ಪೆಟ್ರೋಲ್ ಬೇಕಿದ್ದಿಲ್ಲ ಅಂತಾರೆ. ಎತ್ತು ತಿನ್ನೋ ಕಣಿಕೆ, ಹೊಟ್ಟು, ಹಿಂಡಿಯ ಲೆಕ್ಕ ಹಿಡಿದರೆ ಅದೂ ಪುಕ್ಕಟೆ ಅಲ್ಲ. ಮೇವು ಮನೆಯದೇ ಆದ್ದರಿಂದ ಕಾಣ್ತಿರಲಿಲ್ಲ, ಅಷ್ಟೇ.

ನಾಟಿ ಕೂಲಿ: ಹೇಳೋದು 571, ಉಳಿಯೋದು 404

ಹೆಣ್ಣುಮಕ್ಕಳ ದುಡಿಮೆಯಲ್ಲಿ ಈ ಖರ್ಚು ಇನ್ನೂ ಒಳಗೆ ಅಡಗಿರುತ್ತೆ. ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿ ಶುರು. ಕ್ಯಾಂಪುಗಳ ಕಡೆ ಹೊಲದವರು ಮೊದಲೇ ಗುಂಪಿನ ಮುಖ್ಯಸ್ಥಳಿಗೆ ಫೋನು ಮಾಡಿ ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡ್ತಾರೆ. ಹೋದ ಮುಂಗಾರಿನಲ್ಲಿ ನಮ್ಮ ಓಣಿಯ ಗುಂಪಿನಲ್ಲಿ 14 ಮಂದಿ. ಎಕರೆಗೆ 4,000. ದಿನಕ್ಕೆ ಎರಡೆಕರೆ ಹಚ್ಚುತ್ತಿದ್ದರು. 8,000ನ್ನು ಹಂಚಿದರೆ ತಲೆಗೆ 571. ಊರಲ್ಲಿ ಕಳೆ ತೆಗೆಯೋ ಕೂಲಿ 300 ಇರುವಾಗ ಇದು ದೊಡ್ಡ ದುಡ್ಡು.

ಅವರನ್ನು ಕರಕೊಂಡು ಹೋಗೋದು ಟಾಟಾ ಏಸ್. ದಿನದ ಬಾಡಿಗೆ 1,100. ತಲೆಗೆ 79. ಅಲ್ಲಿಗೆ 492 ಉಳೀತಲ್ಲ ಅಂತ ಅನ್ನಿಸುತ್ತೆ. ಆದರೆ ಹಂಗಾಮಿನಲ್ಲಿ ಅವರು ಮನೆ ಬಿಟ್ಟದ್ದು 26 ದಿನ, ಕೆಲಸ ಆದದ್ದು 22 ದಿನ. ಎರಡು ದಿನ ಹೋಗೋ ಹೊತ್ತಿಗೆ ಮಳೆ ಹಿಡೀತು. ಒಂದು ದಿನ ಗದ್ದೆಗೆ ನೀರು ಏರಿರಲಿಲ್ಲ, ಕೆಸರು ಮಾಡಿರಲಿಲ್ಲ. ಇನ್ನೊಂದು ದಿನ ಸಸಿಮಡಿ ಕೀಳೋರು ಬಂದಿರಲಿಲ್ಲ. ಗಾಡಿಯವನ ಡೀಸೆಲ್ಲು ಮಾತ್ರ ಸುಟ್ಟಿರುತ್ತೆ, ಅವನು ಬಾಡಿಗೆ ಬಿಡೋದಿಲ್ಲ, ಬಿಡು ಅನ್ನೋದೂ ತಪ್ಪು.

ಹಾಗಾಗಿ ಲೆಕ್ಕ ಹೀಗೆ: 22 ದಿನದ ಕೂಲಿ 12,562. 26 ದಿನದ ಗಾಡಿ 2,054. ಉಳಿದದ್ದು 10,508. ಮನೆ ಬಿಟ್ಟ ದಿನಕ್ಕೆ ಭಾಗಿಸಿದರೆ 404 ರೂಪಾಯಿ. ಊರಿನ 300ಕ್ಕೂ ಇದಕ್ಕೂ ನೂರಾ ನಾಲ್ಕು ಅಂತರ. ಅದಕ್ಕಾಗಿ ನಸುಕಿನ ನಾಲ್ಕಕ್ಕೆ ಎದ್ದು ರೊಟ್ಟಿ ಬಡಿದು, ಐದೂವರೆಗೆ ಗಾಡಿ ಹತ್ತಿ, ದಿನವಿಡೀ ಬಗ್ಗಿ ಹಚ್ಚಿ, ಹೊತ್ತು ಮುಳುಗಿದ ಮೇಲೆ ಮನೆಗೆ ಬರೋದು. ಊರ ಕೂಲಿಗೆ ನಡಕೊಂಡು ಹೋಗಿ ಮಧ್ಯಾಹ್ನಕ್ಕೇ ತಿರುಗಿ ಬರಬಹುದು. ಆದರೂ ಹೋಗ್ತಾರೆ, ಯಾಕಂದ್ರೆ ಊರಲ್ಲಿ ಆ 300 ದಿನಾ ಸಿಗೋದಿಲ್ಲ.

ಸೊಸೆಯ ತವರು ಮಸ್ಕಿ ಕಡೆಯ ಒಣ ಹಳ್ಳಿ. ಅಲ್ಲಿಂದಲೂ ನಾಟಿಗೆ ಇತ್ತ ಬರ್ತಾರೆ. ನಾನು ಈ ಲೆಕ್ಕ ತೋರಿಸಿದಾಗ ನಮ್ಮ ಬೀಗರು ನಕ್ಕರು. "ನೀವರ ನಾಕಕ್ಕ ಏಳ್ತೀರಿ ಬೀಗ್ರ. ನಮ್ಮ ಹೆಣ್ಮಕ್ಕಳು ಮೂರಕ್ಕ ಒಲಿ ಹಚ್ಚತಾರ. ಗಾಡ್ಯಾಗ ಕುಂತಕೊಂಡ ನಿದ್ದಿ ಮಾಡ್ತಾವು." ಮಸ್ಕಿ 2018ರಲ್ಲಿ ತಾಲ್ಲೂಕು ಆದ ಮೇಲೆ ಕಾಗದಪತ್ರಕ್ಕೆ ಲಿಂಗಸುಗೂರಿಗೆ ಅಲೆಯೋದು ಅವರಿಗೆ ತಪ್ಪಿತು, ಕೂಲಿಗೆ ಅಲೆಯೋದು ತಪ್ಪಲಿಲ್ಲ ಅಂತಲೂ ಅಂದರು.

ಹೊಲದವರ ಜೊತೆ ಮಾತಾಡುವಾಗ ಮೊದಲು ಕೇಳಬೇಕಾದದ್ದು "ಗಾಡಿ ಯಾರದು?" ಅಂತ. ಎಕರೆಗೆ 4,000, ಗಾಡಿ ನಿಮ್ಮದು ಅನ್ನೋರು ಇದ್ದಾರೆ. 3,600, ಗಾಡಿ ನಮ್ಮದು ಅನ್ನೋರೂ ಇದ್ದಾರೆ. ಎರಡೆಕರೆ ಹಚ್ಚೋ ಗುಂಪಿಗೆ ಎರಡನೆಯದು ಲಾಭ: ಕೂಲಿಯಲ್ಲಿ 800 ಕಡಿಮೆ, ಬಾಡಿಗೆಯಲ್ಲಿ 1,100 ಉಳಿತಾಯ. ಅದಕ್ಕಿಂತ ಹೆಚ್ಚಿನದು, ಕೆಲಸ ಇಲ್ಲದೆ ವಾಪಸ್ ಬಂದ ದಿನದ ಬಾಡಿಗೆ ಅವರ ತಲೆಗೆ. ಗಾಡಿ ಅವರದಾದಾಗ ಗದ್ದೆ ತಯಾರಾಗದೆ ಕರೆಸೋದಿಲ್ಲ, ಇದನ್ನೂ ಕಂಡಿದ್ದೇವೆ.

ಪುಕ್ಕಟೆ ಬಸ್ಸು ಎಲ್ಲಿಯವರೆಗೆ

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಯ್ತಲ್ಲ, ಇನ್ನೇನು ಖರ್ಚು ಅಂತ ಕೇಳೋರಿದ್ದಾರೆ. ನಾಟಿಗೆ ಅದು ಹೊಂದೋದಿಲ್ಲ. ಬಸ್ಸು ಕ್ರಾಸಿಗೆ ಇಳಿಸುತ್ತೆ, ಗದ್ದೆ ಅಲ್ಲಿಂದ ಮೂರು ಕಿ.ಮೀ. ಒಳಗಿರುತ್ತೆ. ಆರಕ್ಕೆ ಗದ್ದೆಯಲ್ಲಿರಬೇಕಾದವರಿಗೆ ಬಸ್ಸು ಕಾಯೋಕೆ ಆಗದು.

ಪೇಟೆ ಕೆಲಸಕ್ಕೆ ಮಾತ್ರ ಬಹಳ ಉಪಯೋಗ ಆಗಿದೆ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಸಿಂಧನೂರಿನ ಬಟ್ಟೆ ಅಂಗಡಿಗೆ ಒಂಬತ್ತು ಸಾವಿರ ಪಗಾರಕ್ಕೆ ಹೋಗ್ತಾಳೆ. ಟಿಕೆಟು ತೆಗೆಸಿ ಹೋಗಬೇಕಾಗಿದ್ರೆ ಮನೆಯಲ್ಲಿ ಕಳಿಸ್ತಿರಲಿಲ್ಲ, ಅಷ್ಟು ಪಗಾರಕ್ಕೆ ದಾರಿ ಖರ್ಚು ಯಾಕೆ ಅಂತಿದ್ರು. ಗಂಡಸರು ಸೀಟು ಸಿಗೋದಿಲ್ಲ ಅಂತ ಗೊಣಗ್ತಾರೆ. ನಿಂತು ಬಂದ ದಿನ ನನಗೂ ಮೊಳಕಾಲು ಹಿಡೀತದೆ. ಆದರೆ ಆ ಒಂಬತ್ತು ಸಾವಿರ ಒಂದು ಮನೆಗೆ ಪೂರ್ತಿ ಬರ್ತಿದೆ ಅನ್ನೋದನ್ನು ಗೊಣಗೋರು ಲೆಕ್ಕಕ್ಕೆ ಹಾಕಿಕೊಳ್ಳಬೇಕು. ಗಂಡಸರ ಟಿಕೆಟು 2025ರ ಜನವರಿ 5ರಿಂದ ನೂರಕ್ಕೆ ಹದಿನೈದು ಏರಿತು. ದಿನಾ ಬಸ್ಸಿಗೆ ಹೋಗೋ ವೇಳೆ ಹೊಂದುವವರು ತಿಂಗಳ ಪಾಸು ವಿಚಾರಿಸಿ, ಬೈಕಿಗಿಂತ ಅದೇ ಅಗ್ಗ.

2024ರಲ್ಲಿ ಸಿಂಧನೂರಿಗೆ ರೈಲು ಬಂತು. ಹುಬ್ಬಳ್ಳಿಗೆ ಹೋಗೋದು ಸಲೀಸಾಯ್ತು. ದಿನದ ದುಡಿಮೆಗೆ ಅದರಿಂದ ನಮ್ಮೂರಿಗೆ ಏನೂ ಆಗಿಲ್ಲ.

ಸಣ್ಣ ಮಗನಿಗೆ ದಾರಿ ಖರ್ಚು ಸೊನ್ನೆ. ಬೆಂಗಳೂರಿನಲ್ಲಿ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲೇ ಮಲಗ್ತಾನೆ. ಅಲ್ಲಿ ಆಫೀಸಿನ ಮಂದಿ ದಿನಾ ಮೂರು ತಾಸು ದಾರಿಯಲ್ಲೇ ಕಳೀತಾರಂತೆ. ಮೆಟ್ರೋ ರೈಲಿನ ದರ 2025ರ ಫೆಬ್ರವರಿಯಲ್ಲಿ ಏರಿ ಹೆಚ್ಚಿನ ಟಿಕೆಟು 90 ರೂಪಾಯಿ ಆಯ್ತಂತೆ. ಇವನು ವರ್ಷಕ್ಕೆ ಮೂರು ಸಲ ಊರಿಗೆ ಬರ್ತಾನೆ. ಅವ್ವ ಅದನ್ನು ಯಾವ ಅಂಕಣದಲ್ಲಿ ಬರೀತೀರಿ ಅಂತ ಕೇಳ್ತಾಳೆ. ನಾನು ಬರೆದಿಲ್ಲ.

ಐವತ್ನಾಲ್ಕು ರೂಪಾಯಿಯ ಜಗಳ

ಟಾಟಾ ಏಸ್ ಮಾಲು ಸಾಗಿಸೋ ಗಾಡಿ. ಅದರಲ್ಲಿ 14 ಜನ ನಿಂತು ಹೋಗೋದು ಕಾನೂನಿಗೆ ತಪ್ಪು, ಏನಾದರೂ ಆದರೆ ವಿಮೆ ಪರಿಹಾರ ಸಿಗೋದೂ ಕಷ್ಟ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು ತರಕಾರಿ ಲಾರಿಯಲ್ಲಿ ಹೊರಟಿದ್ದ 10 ಮಂದಿ ಯಲ್ಲಾಪುರದ ಹತ್ತಿರ ಲಾರಿ ಬಿದ್ದು ತೀರಿಕೊಂಡರು. ನಮ್ಮ ಹಾಗೇ ಹೊಟ್ಟೆಪಾಡಿಗೆ ಹೊರಟವರು. ಆ ಸುದ್ದಿ ಕೇಳಿದ ಮೇಲೆ ನಮ್ಮ ಮನೆಯಲ್ಲಿ ಗಾಡಿ ಬದಲಿಸೋ ಮಾತು ಶುರುವಾಯ್ತು.

ಕ್ರೂಸರ್ ಆದರೆ ಕೂತು ಹೋಗಬಹುದು, ಬಾಗಿಲು ಇದೆ. ಆದರೆ 12 ಜನಕ್ಕೇ ಸರಿ, ಬಾಡಿಗೆ 1,600. ತಲೆಗೆ 133. ಏಸಿಗಿಂತ 54 ಹೆಚ್ಚು. ನಾನು ಇದೇನು ದೊಡ್ಡದು ಅಂದೆ. ಹೆಂಡತಿ ಒಪ್ಪಲಿಲ್ಲ. "ಮೂರು ದಿನದ್ದು ಕೂಡಿಸಿದ್ರ ಒಂದು ಕಿಲೋ ಎಣ್ಣಿ ಬರ್ತೈತಿ. ನೀವು ಕುಂತಲ್ಲೇ ಹೇಳ್ತೀರಿ." ಸೊಸೆ ಇನ್ನೊಂದು ಕೇಳಿದಳು: "ಮಾವಾರ, ಹನ್ನೆರಡು ಮಂದಿ ಅಂದ್ರ ಇಬ್ಬರ್ನ ಬಿಡಬೇಕಾಕ್ಕತಿ. ಯಾರ್ನ ಬಿಡೂದು?" ಅದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಉತ್ತರ ಇರಲಿಲ್ಲ. ಇಬ್ಬರು ಅಂದ್ರೆ ಕೊನೆಗೆ ಬಿಡೋದು ವಯಸ್ಸಾದವರನ್ನು, ಕೈ ನಿಧಾನ ಇದ್ದವರನ್ನು. ಅವರಿಗೇ ಕೂಲಿ ಹೆಚ್ಚು ಬೇಕಾಗಿರುತ್ತೆ.

ಹದಿನೈದು ದಿನ ಈ ಮಾತು ನಡೀತು. ಕೊನೆಗೆ ಹೆಣ್ಣುಮಕ್ಕಳೇ ದಾರಿ ತೆಗೆದರು. ಪಕ್ಕದ ಓಣಿಯ ಗುಂಪಿನಲ್ಲಿ ಹತ್ತೇ ಮಂದಿ ಇದ್ದರು. ಇಬ್ಬರು ಆ ಕಡೆ ಸೇರಿದರು, ಎರಡೂ ಗುಂಪು ಹನ್ನೆರಡು ಆಯ್ತು, ಎರಡೂ ಕ್ರೂಸರ್ ಹಿಡಿದವು. ಹೊಲದವರ ಹತ್ತಿರ ಗಾಡಿಯ ಅರ್ಧ ಬಾಡಿಗೆ ನೀವು ಕೊಡಿ ಅಂತ ಕೇಳಿದರು. ಎಲ್ಲರೂ ಒಪ್ಪಲಿಲ್ಲ, ಮೂವರಲ್ಲಿ ಒಬ್ಬರು ಒಪ್ಪಿದರು. ನಾಟಿ ಒಮ್ಮೆಗೇ ಬಂದು ಆಳು ಸಿಗದ ವಾರದಲ್ಲಿ ಮಾತ್ರ ಇನ್ನೂ ಕೆಲವರು ಒಪ್ಪಿದರು. ಅರ್ಧ ಕೊಟ್ಟವರ ಹೊಲಕ್ಕೆ ಹೋದ ದಿನ ತಲೆಗೆ 67 ಬಿತ್ತು, ಏಸಿನ 79ಕ್ಕಿಂತ ಕಡಿಮೆ. ಕೊಡದವರ ಹೊಲಕ್ಕೆ 133 ಕೊಟ್ಟೇ ಹೋದರು. ಹೆಂಡತಿ ಈಗಲೂ ಎಣ್ಣೆಯ ಮಾತು ಎತ್ತುತ್ತಾಳೆ, ಆದರೆ ಏಸ್ ಹತ್ತಿಲ್ಲ.

ಕಾನೂನಿನಲ್ಲಿ ಇದ್ದದ್ದು

ದೂರದ ಕೆಲಸಕ್ಕೆ ದಾರಿ ಖರ್ಚು ಕೊಡಬೇಕು ಅನ್ನೋದು ಹೊಸ ಮಾತಲ್ಲ. 2005ರ ಉದ್ಯೋಗ ಖಾತ್ರಿ ಕಾನೂನಿನಲ್ಲಿ ಹೀಗೆ ಬರೆದಿತ್ತು: ಕೆಲಸ ಊರಿನ ಐದು ಕಿ.ಮೀ. ಒಳಗೆ ಕೊಡಬೇಕು, ಅದಕ್ಕಿಂತ ದೂರ ಕೊಟ್ಟರೆ ಹೋಗಿ ಬರೋ ಖರ್ಚಿಗೆ ಕೂಲಿಯ ಮೇಲೆ ನೂರಕ್ಕೆ ಹತ್ತು ಹೆಚ್ಚಿಗೆ ಸೇರಿಸಬೇಕು. 2006ರ ಫೆಬ್ರವರಿಯಲ್ಲಿ ಆ ಯೋಜನೆ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. 2025-26ಕ್ಕೆ ಕರ್ನಾಟಕದಲ್ಲಿ ಅದರ ದಿನಗೂಲಿ 370. ದೂರಕ್ಕೆ ಹತ್ತು ಸೇರಿಸಿದರೆ 407. ನಾಟಿಯಲ್ಲಿ ಉಳಿದ 404ರ ಪಕ್ಕ ಇಟ್ಟು ನೋಡಿ! 571 ಅಂತ ಕುಣಿದದ್ದು ಸರ್ಕಾರಿ ಕೆರೆ ಹೂಳಿನ ಕೂಲಿಗೇ ಬಂದು ನಿಂತಿತು.

2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಾನೂನಿನ ಬದಲು ಹೊಸದನ್ನು ಒಪ್ಪಿತು. ವರ್ಷಕ್ಕೆ ನೂರರ ಬದಲು 125 ದಿನ ಅಂತಿದೆ. ಬಿತ್ತನೆ, ಕೊಯ್ಲಿನ ಕಾಲಕ್ಕೆ 60 ದಿನದವರೆಗೆ ಕೆಲಸ ನಿಲ್ಲಿಸಬಹುದು ಅಂತಲೂ ಇದೆ. ಆ ದಿನಗಳಲ್ಲಿ ಊರಲ್ಲಿ ಸರ್ಕಾರಿ ಕೆಲಸ ಇಲ್ಲ ಅಂದರೆ ನಮ್ಮವರು ಗಾಡಿ ಹತ್ತಲೇಬೇಕು. ಆಗ ಗುತ್ತಿಗೆ ಮಾತಾಡೋ ಬಲ ಯಾರ ಕಡೆ ಇರುತ್ತೆ ಅನ್ನೋದನ್ನು ಕಾದು ನೋಡಬೇಕು. ಹತ್ತಿರದಲ್ಲಿ ಇನ್ನೊಂದು ಕೆಲಸ ಇದ್ದಾಗಲೇ ದೂರದ ಕೆಲಸದವನು ಬಾಡಿಗೆ ಕೊಡ್ತಾನೆ, ಇದನ್ನು ಮೂರು ಹಂಗಾಮಿನಲ್ಲಿ ಕಂಡಿದ್ದೇನೆ.

ಇದರ ಜೊತೆಗೆ ಅಣೆಕಟ್ಟಿನ ಸಂಗತಿ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದದ್ದು ಎಲ್ಲರಿಗೂ ಗೊತ್ತು. ಎಲ್ಲಾ 33 ಗೇಟು ಬದಲಿಸಬೇಕು ಅಂತ 2025-26ರ ಎರಡನೇ ಬೆಳೆಗೆ ನೀರು ಬಿಡೋದಿಲ್ಲ ಎಂದು 2025ರ ನವೆಂಬರಿನಲ್ಲಿ ತೀರ್ಮಾನ ಆಯ್ತು. ಕಾಲುವೆ ರೈತರಿಗೆ ಬೆಳೆ ಹೋಯ್ತು ಅಂತ ಪೇಪರಿನಲ್ಲಿ ಬಂತು. ಒಣ ಊರಿನ ಹೆಣ್ಣುಮಕ್ಕಳಿಗೆ ಒಂದು ಹಂಗಾಮಿನ ನಾಟಿ ಹೋಯ್ತು ಅಂತ ಎಲ್ಲೂ ಬರಲಿಲ್ಲ. ನಮ್ಮ ಮನೆಗೆ ಅದು ಇಬ್ಬರಿಂದ ಸುಮಾರು ಇಪ್ಪತ್ತು ಸಾವಿರ.

ಈ ಲೆಕ್ಕ ಬರೆಯೋದು ಕಷ್ಟ ಏನಿಲ್ಲ. ಮನೆ ಬಿಟ್ಟ ದಿನ ಒಂದು ಗೀಟು, ಕೆಲಸ ಆದ ದಿನ ಇನ್ನೊಂದು ಗೀಟು, ದಾರಿಗೆ ಕೊಟ್ಟದ್ದು ಎದುರಿಗೆ. ತಿಂಗಳ ಕೊನೆಗೆ ಕೂಡಿಸಿದರೆ ಆಯ್ತು. ಬೈಕು ಇದ್ದವರು ರಿಪೇರಿ ಚೀಟಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿಡಿ. ನಮ್ಮ ಗುಂಪಿನಲ್ಲಿ ಈಗ ಏಳನೇ ತರಗತಿ ಓದೋ ಒಬ್ಬ ಹುಡುಗಿ ತನ್ನ ಅವ್ವನ ಗೀಟುಗಳನ್ನು ಕೂಡಿಸಿ ಕೊಡ್ತಾಳೆ.

ಮಗನ ಬೈಕಿನ ಕಂತು 2026ರ ದೀಪಾವಳಿಯ ಹೊತ್ತಿಗೆ ತೀರುತ್ತೆ. ಮುಂದಿನ ಮುಂಗಾರು ನಾಟಿಗೆ ಗುಂಪಿನವರು ಕ್ರೂಸರಿನವನಿಗೆ ಈಗಲೇ ಹೇಳಿಟ್ಟಿದ್ದಾರೆ. ಬಾಡಿಗೆ ಎಷ್ಟು ಅಂತ ಅವನು ಇನ್ನೂ ಹೇಳಿಲ್ಲ, ಡೀಸೆಲ್ ನೋಡಿ ಹೇಳ್ತೇನೆ ಅಂದಿದ್ದಾನೆ.